ಗೌಪ್ಯ ದಾಖಲೆಯಲ್ಲಿ ಕಟ್ಟಿದ ಭಜಿ

ಆ ಕಚೇರಿಯ ಹೆಸರನ್ನು ನಾನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಕೂಡ ಒಂದು ವೈಯಕ್ತಿಕ ಮಾಹಿತಿ, ಅದನ್ನು ಕಂಡಕಂಡವರಿಗೆ ಕೊಡಬಾರದು ಎಂದು ನನಗೆ ಕಲಿಸಿಕೊಟ್ಟದ್ದೇ ಆ ಕಚೇರಿ. ಯಾವುದೋ ಒಂದು ರಸ್ತೆಯಲ್ಲಿ, ಯಾವುದೋ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಅದು ಇದೆ ಎಂದಷ್ಟೇ ತಿಳಿದುಕೊಳ್ಳಿ. ಲಿಫ್ಟ್ ಇದೆ, ನಡೆಯುವುದಿಲ್ಲ.

ನಾನು ಬಸು. ಊರು ಧಾರವಾಡದ ಕಡೆ. ಮಡಗಾಂವಿನ ಮೋತಿ ಡೊಂಗರ್ ಎಂಬ ಗುಡ್ಡದ ಬುಡದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಗುಡ್ಡದ ಮೇಲಿನ ಜನ ನನ್ನನ್ನು ಮಾಸ್ತರ್ ಎನ್ನುತ್ತಾರೆ. ಒಂದು ದಿನವೂ ಶಾಲೆಯಲ್ಲಿ ಕಲಿಸಿದವನಲ್ಲ. ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಅರ್ಜಿ ಬರೆಯಲು ಬರುತ್ತದೆ, ಅಷ್ಟೇ. ಈ ದೇಶದ ಸರಕಾರವನ್ನು ನಡೆಸುವವರು ಮಂತ್ರಿಗಳು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ನನ್ನ ಮಷೀನ್ ಎರಡು ದಿನ ಕೆಟ್ಟು ನಿಂತರೆ ಇಡೀ ಡೊಂಗರಿನಲ್ಲಿ ಒಬ್ಬನಿಗೂ ರೇಶನ್ ಸಿಗುವುದಿಲ್ಲ, ಸಿಲಿಂಡರ್ ಬರುವುದಿಲ್ಲ, ಮಗು ಹುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಕಾಸೀಮಸಾಬ ಗುಡ್ಡದ ಅರ್ಧ ಎತ್ತರದಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಇರುವವನು. ತಾಳಿಕೋಟಿ ಕಡೆಯವನು, ಬಂದು ಹತ್ತೊಂಬತ್ತು ವರ್ಷವಾಯಿತು. ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾನೆ. ಕುಡಿಯುವುದಿಲ್ಲ, ಜಗಳಾಡುವುದಿಲ್ಲ, ಹಾರ್ನ್ ಕೂಡ ಬೇಕಾದಾಗ ಮಾತ್ರ ಹಾಕುತ್ತಾನೆ. ಇಂಥ ಮನುಷ್ಯನಿಗೆ ಒಂದೇ ಒಂದು ಜಂಬ ಇತ್ತು: ಸರಕಾರಕ್ಕೆ ತಾನು ಚೆನ್ನಾಗಿ ಗೊತ್ತು ಎಂಬ ಜಂಬ.

ನಮ್ಮ ಕಡೆಯಿಂದ ಬಂದು ಬಾಡಿಗೆಗೆ ಇರುವವರೆಲ್ಲ ಆ ಕಚೇರಿಗೆ ಒಂದು ಫಾರ್ಮ್ ತುಂಬಿ ಕೊಡಬೇಕಿತ್ತು. ಹೆಸರು, ಅಪ್ಪನ ಹೆಸರು, ಊರು, ವಯಸ್ಸು, ಕೆಲಸ, ಫೋನ್ ನಂಬರು, ಹೆಂಡತಿ, ಮಕ್ಕಳು, ಮೈಮೇಲಿನ ಮಚ್ಚೆ, ಒಂದು ಫೋಟೊ, ಎಡಗೈ ಹೆಬ್ಬೆರಳು. ಉಳಿದವರನ್ನು ಮನೆ ಮಾಲೀಕರು ಹಿಂದೆ ಬಿದ್ದು ಬೈದು ಕಳಿಸಬೇಕಾಗುತ್ತಿತ್ತು. ಕಾಸೀಮಸಾಬ ಮಾತ್ರ ಪ್ರತಿ ವರ್ಷ ಜೂನ್ ಮೊದಲ ವಾರದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲು ಹೋಗಿ ಕೊಟ್ಟು ಬರುತ್ತಿದ್ದ. ಒಂದು ಝೆರಾಕ್ಸ್ ತೆಗೆದು ಇಟ್ಟುಕೊ ಮಾರಾಯ ಎಂದು ನಾನು ಪ್ರತಿ ವರ್ಷವೂ ಹೇಳಿದ್ದೇನೆ. ನನ್ನ ಎರಡು ರೂಪಾಯಿಯ ಆಸೆಗೆ ಹೇಳಿದ್ದಲ್ಲ ಎಂದು ಆಣೆ ಮಾಡಬಲ್ಲೆ. ಅವನಿಗೆ ಅದು ಸರಕಾರದ ಮೇಲೆ ಸಂಶಯ ಪಟ್ಟ ಹಾಗೆ ಅನ್ನಿಸುತ್ತಿತ್ತು.

"ಮಾಸ್ತರ್, ಕಾಗದ ನಮ್ಮ ಮನ್ಯಾಗಿದ್ರ ಇಲಿ ತಿಂತಾವು, ಮಳಿ ತಿಂತೈತಿ. ಸರಕಾರದ ಕಪಾಟಿನ್ಯಾಗ ಇದ್ರ ಯಾರ ತಿಂತಾರ್ರಿ?" ಎನ್ನುತ್ತಿದ್ದ.

ಹೀಗೆ ಹತ್ತೊಂಬತ್ತು ಫಾರ್ಮ್ ಕೊಟ್ಟ. ಒಂದರದೂ ನಕಲು ಇಟ್ಟುಕೊಳ್ಳಲಿಲ್ಲ.

ಈ ವರ್ಷ ಅವನ ಮಗಳು ಕೈನಾತ ಹನ್ನೆರಡನೇ ಇಯತ್ತೆ ಮುಗಿಸಿದಳು. ಚಲೋ ಮಾರ್ಕ್ಸ್ ಬರುತ್ತವೆ ಎಂದು ಶಾಲೆಯವರೇ ಹೇಳಿದ್ದರು. ಅವಳಿಗೆ ನರ್ಸಿಂಗ್ ಓದಬೇಕು. ಕಾಲೇಜಿನವರು ಕೇಳಿದ ಪಟ್ಟಿಯಲ್ಲಿ ಒಂದು ಕಾಗದ ಮಾತ್ರ ಅವಳ ಹತ್ತಿರ ಇರಲಿಲ್ಲ: ಹದಿನೈದು ವರ್ಷ ಇದೇ ರಾಜ್ಯದಲ್ಲಿ ವಾಸ ಮಾಡಿದ್ದಾಳೆ ಎಂಬ ಸರ್ಟಿಫಿಕೇಟ್. ಅದನ್ನು ಕೊಡುವುದೂ ಆ ಮೂರನೇ ಮಹಡಿಯ ಕಚೇರಿಯೇ. ಜೂನ್ ಮೂವತ್ತು ಕೊನೆಯ ದಿನ.

ಶಾಲೆಯ ದಾಖಲೆ ಒಂದನೇ ಇಯತ್ತೆಯಿಂದ ಹನ್ನೆರಡರವರೆಗೆ, ಹನ್ನೆರಡು ವರ್ಷಕ್ಕೆ ಸಾಕಾಯಿತು. ಇನ್ನು ಮೂರು ವರ್ಷ ಬೇಕಿತ್ತು. ಜನನದ ದಾಖಲೆ ತೋರಿಸೋಣವೆಂದರೆ ಅದು ಎರಡು ಸಾವಿರದ ಏಳರದು, ತಾಳಿಕೋಟಿಯದು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಕಾಸೀಮಸಾಬನ ಹೆಂಡತಿ ಖಾತುನಳ ತಾಯಿ ಹಟ ಹಿಡಿದಿದ್ದಳು. ಕೂಸಿಗೆ ಎರಡು ತಿಂಗಳು ತುಂಬುವುದರೊಳಗೆ ಖಾತುನ ಮೋತಿ ಡೊಂಗರಿಗೆ ವಾಪಸು ಬಂದಿದ್ದಳು. ಆದರೆ ಕೂಸು ಬಸ್ಸಿನಲ್ಲಿ ಬಂದದ್ದಕ್ಕೆ ಯಾರೂ ರಸೀದಿ ಕೊಡುವುದಿಲ್ಲವಲ್ಲ. ಹಾಗಾಗಿ ಎರಡು ಸಾವಿರದ ಹತ್ತು, ಹನ್ನೊಂದು, ಹನ್ನೆರಡು, ಈ ಮೂರು ವರ್ಷ ಕೈನಾತ ಎಲ್ಲಿದ್ದಳು ಎಂಬುದು ಸರಕಾರದ ದೃಷ್ಟಿಯಲ್ಲಿ ಒಂದು ನಿಗೂಢ ಪ್ರಶ್ನೆ.

ಕಾಸೀಮಸಾಬ ಮಾತ್ರ ಸ್ವಲ್ಪವೂ ಹೆದರಲಿಲ್ಲ. ಮೂರು ವರ್ಷದ ಫಾರ್ಮಿನಲ್ಲೂ ಮಗಳ ಹೆಸರು ಬರೆಸಿದ್ದ. ಎಲ್ಲವೂ ಕಚೇರಿಯ ಕಪಾಟಿನಲ್ಲಿ ಇವೆ, ಹೋಗಿ ತಂದರಾಯಿತು ಎಂದ. ಏಪ್ರಿಲ್ ತಿಂಗಳ ಒಂದು ಸೋಮವಾರ, ಇಸ್ತ್ರಿ ಅಂಗಿ ತೊಟ್ಟು, ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಎಳೆದುಕೊಂಡು ಮೂರು ಮಹಡಿ ಹತ್ತಿದ.

ಅಲ್ಲಿ ಗಾಂವಕರ್ ಸಾಹೇಬರು ಕುಳಿತಿದ್ದರು. ಮುಂದೆ ಬರುವ ಕಷ್ಟಗಳೆಲ್ಲ ಇವರ ಮೂಲಕವೇ ಬರುವುದರಿಂದ ಇವರ ಪರಿಚಯ ಇರಲಿ. ಬಿಳಿ ಅಂಗಿ, ಶಾಂತ ಸ್ವಭಾವ, ಎಂದೂ ದನಿ ಏರಿಸುವುದಿಲ್ಲ. ನಾಳೆ ಬಾ ಎನ್ನುವುದಕ್ಕೆ ಕೊಂಕಣಿಯಲ್ಲಿ "ಫಾಲ್ಯಾಂ ಯೋ" ಎನ್ನುತ್ತಾರೆ. ಅದನ್ನು ಅವರು ಆಶೀರ್ವಾದ ಮಾಡುವ ದನಿಯಲ್ಲಿ ಹೇಳುತ್ತಿದ್ದರು. ಹಳೆಯ ಫಾರ್ಮುಗಳನ್ನೆಲ್ಲ ಹೋದ ವರ್ಷವೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೇವೆ, ಈಗ ಎಲ್ಲವೂ ಡಿಜಿಟಲ್, ನೀವು ಇಲ್ಲಿಯವರೆಗೆ ಬರಬೇಕಾಗಿಯೇ ಇರಲಿಲ್ಲ, ಮನೆಯಲ್ಲೇ ಕುಳಿತು ತೆಗೆದುಕೊಳ್ಳಬಹುದು ಎಂದರು. ಕಾಸೀಮಸಾಬ ನನ್ನ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎಂಬಂತೆ ನೋಡಿದ.

ಅಂಗಡಿಗೆ ಬಂದು ನನ್ನ ಕಂಪ್ಯೂಟರಿನಲ್ಲಿ ಆ ಪೋರ್ಟಲ್ ತೆರೆದೆವು. ಹೆಸರು, ಅಪ್ಪನ ಹೆಸರು, ವರ್ಷ ಹಾಕಿದೆ. ನಿಮ್ಮ ದಾಖಲೆ ಸಿಕ್ಕಿದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಕಾಸೀಮಸಾಬ ಪರದೆಗೆ ಕೈ ಮುಗಿಯುವುದೊಂದು ಬಾಕಿ. ಕೆಳಗೆ ಇನ್ನೊಂದು ಸಾಲು ಇತ್ತು: ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಲಾಗಿದೆ. ಯಾವ ಮೊಬೈಲಿಗೆ? ಎರಡು ಸಾವಿರದ ಹತ್ತರಲ್ಲಿ ಫಾರ್ಮಿನಲ್ಲಿ ಬರೆದ ನಂಬರಿಗೆ. ಆ ಫೋನು ಹದಿಮೂರು ವರ್ಷದ ಹಿಂದೆ ಝುವಾರಿ ನದಿಗೆ ಬಿದ್ದಿತ್ತು.

ಆ ನಂಬರಿಗೆ ಫೋನ್ ಮಾಡಿದೆವು. ಈಗ ಅದು ಸಾಂಖಳಿಯ ಮಂಗಿಬಾಯಿ ಎಂಬವಳ ಕೈಯಲ್ಲಿ ಇತ್ತು. ವಿಜಯಪುರ ಕಡೆಯ ಲಂಬಾಣಿ ಹೆಣ್ಣುಮಗಳು, ರಸ್ತೆ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದವಳು. ಒಟಿಪಿ ಬಂದಿದೆ ಎಂದಳು. ಹೇಳುವುದಿಲ್ಲ ಎಂದಳು. ಫೋನ್ ಇಟ್ಟಳು. ಎದುರಿಗೆ ಹೋಗಿ ಕೇಳಿದರೆ ನಂಬಿಕೆ ಬಂದೀತು ಎಂದು ಕಾಸೀಮಸಾಬ ಒಂದು ದಿನದ ಬಾಡಿಗೆ ಬಿಟ್ಟು, ಖಾತುನಳನ್ನೂ ನನ್ನನ್ನೂ ಟೆಂಪೋದಲ್ಲಿ ಕೂಡಿಸಿಕೊಂಡು ಸಾಂಖಳಿಗೆ ಹೋದ. ಹೆಣ್ಣುಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಖಾತುನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು.

ಮಂಗಿಬಾಯಿ ಚಾಪೆ ಹಾಸಿದಳು. ಚಹಾ ಮಾಡಿದಳು. ರೊಟ್ಟಿ ತಿಂದು ನಮ್ಮ ಊರಿನ ರುಚಿ ಎಂದಳು. ಕೈನಾತಳ ಕಥೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಫೋನಿನಲ್ಲಿ ಮತ್ತೆ ಪೋರ್ಟಲ್ ತೆರೆದೆ. ಅವಳ ಮೊಬೈಲು ಟಿಂಗ್ ಎಂದಿತು. ಅವಳು ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಯಾರು ಕೇಳಿದ್ರೂ ಹೇಳಬ್ಯಾಡ ಅಂತ ಬ್ಯಾಂಕಿನವ್ರು ಹೇಳ್ಯಾರ. ಹೆತ್ತವ್ವ ಕೇಳಿದ್ರೂ ಹೇಳಂಗಿಲ್ಲ. ಹೋದ ವರ್ಷ ಹೇಳಿ ಕೆಟ್ಟೇನಿ" ಎಂದಳು.

ಮೂರು ಸಲ ಟಿಂಗ್ ಎಂದಿತು. ಮೂರು ಸಲವೂ ಅವಳು ಹೇಳಲಿಲ್ಲ. ಆಮೇಲೆ ಪೋರ್ಟಲ್ ನಿಮ್ಮ ಖಾತೆಯನ್ನು ನಿಮ್ಮ ಸುರಕ್ಷತೆಗಾಗಿಯೇ ಮುಚ್ಚಲಾಗಿದೆ ಎಂದಿತು. ಕಾಸೀಮಸಾಬನ ಗುಟ್ಟನ್ನು ಈ ರಾಜ್ಯದಲ್ಲಿ ಪ್ರಾಮಾಣಿಕವಾಗಿ ಕಾಯ್ದವಳು ಮಂಗಿಬಾಯಿ ಒಬ್ಬಳೇ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಬಂದೆ.

ಇನ್ನು ಸುಮ್ಮನಿದ್ದರೆ ಆಗದು ಎಂದು ನಾನು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ನನ್ನ ಬದುಕಿನಲ್ಲೇ ಅಷ್ಟು ಚೆಂದದ ಅರ್ಜಿ ಬರೆದಿಲ್ಲ. ಕಾಸೀಮಸಾಬ ಎಂಬ ನಾನು, ಕಾಸೀಮಸಾಬ ಎಂಬ ನಾನೇ ಕೊಟ್ಟ ಫಾರ್ಮಿನ ನಕಲನ್ನು ಕಾಸೀಮಸಾಬ ಎಂಬ ನನಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಇದರಲ್ಲಿ ತಪ್ಪು ತಿಳಿಯಲು ಜಾಗ ಎಲ್ಲಿದೆ, ನೀವೇ ಹೇಳಿ.

ಮೂವತ್ತೈದು ದಿನಕ್ಕೆ ಉತ್ತರ ಬಂತು. ಓದಿ ನನಗೆ ಮೈಯೆಲ್ಲ ಉರಿಯಿತು. ಕೇಳಿದ ಮಾಹಿತಿ ಕಾಸೀಮಸಾಬ ಎಂಬ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗಿದೆ. ಅದನ್ನು ಅರ್ಜಿದಾರರಿಗೆ ಕೊಡಬಹುದೇ ಎಂದು ಸದರಿ ವ್ಯಕ್ತಿಗೆ, ದಾಖಲೆಯಲ್ಲಿರುವ ಎರಡು ಸಾವಿರದ ಹತ್ತನೇ ಇಸವಿಯ ವಿಳಾಸಕ್ಕೆ, ನೋಟಿಸು ಕಳಿಸಲಾಗಿತ್ತು. ಸದರಿ ವ್ಯಕ್ತಿ ಉತ್ತರಿಸಿಲ್ಲ. ಆದ್ದರಿಂದ ಅವರ ಗೌಪ್ಯತೆಯನ್ನು ಕಾಪಾಡುವ ದೃಷ್ಟಿಯಿಂದ ಮಾಹಿತಿ ನಿರಾಕರಿಸಲಾಗಿದೆ. ಕಾಸೀಮಸಾಬ ಆ ಖೋಲಿ ಬಿಟ್ಟು ಎಂಟು ವರ್ಷವಾಗಿತ್ತು, ಕಟ್ಟಡವೂ ಈಗ ಇಲ್ಲ.

ನಾನು ಆ ಕಾಗದ ಹಿಡಿದು ಹೋಗಿ ಗಾಂವಕರ್ ಸಾಹೇಬರ ಮುಂದೆ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಶಾಂತವಾಗಿ ತಿಳಿಸಿ ಹೇಳಿದರು. ಈಗ ಕಾಯ್ದೆ ಬಿಗಿಯಾಗಿದೆಯಂತೆ. ವೈಯಕ್ತಿಕ ಮಾಹಿತಿಯನ್ನು ಯಾರಿಗೂ ಕೊಡುವಂತಿಲ್ಲವಂತೆ. ಇದು ಇವನದೇ ಮಾಹಿತಿ ಎಂದೆ. ಹೌದು, ಅದಕ್ಕೇ ಅದು ವೈಯಕ್ತಿಕ ಎಂದರು. ನಾಳೆ ಯಾರೋ ಕಳ್ಳ ಬಂದು ನಾನೇ ಕಾಸೀಮಸಾಬ ಎಂದು ಹೇಳಿ ಇವನ ಮಾಹಿತಿ ಒಯ್ದರೆ ಯಾರು ಜವಾಬ್ದಾರಿ ಎಂದು ತಿರುಗಿ ನನ್ನನ್ನೇ ಕೇಳಿದರು. ಕಾಸೀಮಸಾಬ ತಲೆದೂಗಿದ. ಕೆಳಗೆ ಇಳಿಯುವಾಗ, ಸಾಹೇಬರು ತನ್ನ ಕಾಗದವನ್ನು ಎಷ್ಟು ಜೋಪಾನ ಮಾಡುತ್ತಿದ್ದಾರೆ ನೋಡಿ ಎಂದು ಬೇರೆ ಹೇಳಿದ. ಆ ಹೊತ್ತು ನನಗೆ ಸಾಹೇಬರಿಗಿಂತ ಇವನ ಮೇಲೆ ಹೆಚ್ಚು ಸಿಟ್ಟು ಬಂತು.

ಕೈನಾತ ಫಲಿತಾಂಶ ಬಂದ ದಿನ ಅಂಗಡಿಗೆ ಬಂದು ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ತೆಗೆಸಿದಳು. ನೂರಕ್ಕೆ ಎಂಬತ್ತೊಂಬತ್ತು. ನಾನು ಶಾಬಾಸ್ ಎಂದೆ. ಮಾಸ್ತರ್ ಕಾಕಾ, ಆ ಮೂರು ವರ್ಷ ನಾನು ಎಲ್ಲೂ ಇರಲಿಲ್ಲವೇ ಎಂದು ಕೇಳಿದಳು.

ಜೂನ್ ಬಂತು, ಮಳೆ ಹಿಡಿಯಿತು. ಮಳೆ ಹಿಡಿದರೆ ಮೋತಿ ಡೊಂಗರಿನಲ್ಲಿ ಗುರುಪಾದಪ್ಪನ ಗಾಡಿಯ ಮುಂದೆ ಜಾತ್ರೆ. ಗುರುಪಾದಪ್ಪ ಬೈಲಹೊಂಗಲದವನು. ಗಾಡಿ ಅವನದು, ಕೈ ಅವನ ಹೆಂಡತಿ ಮುರುಗೆವ್ವನದು. ಅವಳು ಕರಿದ ಮಿರ್ಚಿ ಭಜಿಯ ಮುಂದೆ ಬೇರೆಯವರದೆಲ್ಲ ಬರಿಯ ಹಿಟ್ಟು. ಕಟ್ಟಿಕೊಡುವ ಕಾಗದವನ್ನು ಗುರುಪಾದಪ್ಪ ಭಂಗಾರದ, ಅಂದರೆ ರದ್ದಿ ಸಾಮಾನಿನ, ಅಂಗಡಿಯಿಂದ ಕಿಲೊ ಲೆಕ್ಕದಲ್ಲಿ ತರುತ್ತಿದ್ದ.

ಒಂದು ಸಂಜೆ ಕಾಸೀಮಸಾಬ ಒಂದು ಪ್ಲೇಟ್ ಭಜಿ ಕಟ್ಟಿಸಿಕೊಂಡು ನನ್ನ ಅಂಗಡಿಗೆ ಬಂದ. ಇಬ್ಬರೂ ತಿಂದೆವು. ಕೊನೆಯ ಭಜಿ ಎತ್ತಿದಾಗ ಅದರ ಕೆಳಗಿನಿಂದ ಒಬ್ಬ ಮೀಸೆಯ ಯುವಕ ನಮ್ಮನ್ನು ನೋಡುತ್ತಿದ್ದ. ಎಲ್ಲೋ ನೋಡಿದ ಮುಖ ಎಂದ ಕಾಸೀಮಸಾಬ. ನಾನು ಎಣ್ಣೆ ಒರೆಸಿದೆ. ಕಾಸೀಮಸಾಬ, ಊರು ತಾಳಿಕೋಟಿ, ಕೆಲಸ ಡ್ರೈವರ್, ಮಗಳು ಕೈನಾತ, ವಯಸ್ಸು ನಾಲ್ಕು, ಇಸವಿ ಎರಡು ಸಾವಿರದ ಹನ್ನೊಂದು. ಎಡಗೈ ಹೆಬ್ಬೆರಳಿನ ಗುರುತಿನ ಮೇಲೆ ಒಂದು ಮೆಣಸಿನಕಾಯಿ ಬೀಜ ಅಂಟಿಕೊಂಡಿತ್ತು.

ಏನಾಗಿದೆ ಎಂದು ಅರ್ಥವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಮೂಲ ಫಾರ್ಮುಗಳನ್ನು ರದ್ದಿಗೆ ಹಾಕಿದ್ದರು. ಕಂಪ್ಯೂಟರಿನೊಳಗೆ ಬೀಗ ಹಾಕಿ ಕಾಯುತ್ತಿದ್ದ ಅದೇ ಗುಟ್ಟು ಹೊರಗೆ ಭಂಗಾರದಲ್ಲಿ ಮಣಗಟ್ಟಲೆ ಬಿದ್ದಿತ್ತು. ಕಾಗದದ ಧಣಿಯೇ ಕೇಳಿದರೆ ಕಾಯ್ದೆ ಅಡ್ಡ ಬರುತ್ತದೆ, ಭಜಿ ತಿನ್ನುವವನಿಗೆ ಪುಕ್ಕಟೆ. ನಾನು ಎದ್ದು ನಿಂತು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕಾಸೀಮಸಾಬ ಮಾತ್ರ ಫೋಟೊ ನೋಡಿ, ಆಗ ತಾನು ಎಷ್ಟು ಚಲೋ ಇದ್ದೆ ಎಂದ.

ಆಮೇಲೆ ನಡೆದದ್ದಕ್ಕೆ ನಾನೂ ಸ್ವಲ್ಪ ಕಾರಣ. ಇನ್ನೆರಡು ವರ್ಷದ್ದೂ ಅಲ್ಲೇ ಇರಬೇಕು ಎಂದು ಹೇಳಿದವನು ನಾನು. ರದ್ದಿಯನ್ನೆಲ್ಲ ಒಮ್ಮೆ ಕೆದಕಿ ನೋಡೋಣವೆಂದರೆ ಮುರುಗೆವ್ವ ಒಪ್ಪಲಿಲ್ಲ. ಗಿರಾಕಿ ನಿಂತಿರುವಾಗ ಕಾಗದ ಹರವಿಕೊಂಡು ಕೂಡಲು ಇದೇನು ಕಚೇರಿಯೇ ಎಂದಳು. ಭಜಿ ಕೊಂಡವರಿಗೆ ಕಾಗದ, ಅದು ಅವಳ ನಿಯಮ. ಹಾಗಾಗಿ ಕಾಸೀಮಸಾಬ ಭಜಿ ಕೊಳ್ಳತೊಡಗಿದ. ಬೆಳಿಗ್ಗೆ ಎರಡು ಪ್ಲೇಟ್, ಸಂಜೆ ನಾಲ್ಕು. ಖಾತುನ ಮನೆಯಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟಳು. ನಾಲ್ಕನೇ ದಿನ ಅವನ ಹೊಟ್ಟೆ ಕೆಟ್ಟಿತು, ಐದನೇ ದಿನ ಹನ್ನೆರಡನೇ ಇಸವಿಯ ಫಾರ್ಮು ಸಿಕ್ಕಿತು.

ಸುದ್ದಿ ಗುಡ್ಡದ ತುದಿಯವರೆಗೂ ಏರಿತು. ಎಲ್ಲರಿಗೂ ಹಳೆಯ ಕಾಗದದ ಒಂದಲ್ಲ ಒಂದು ಗರಜು ಇತ್ತು. ಒಬ್ಬನಿಗೆ ರೇಶನ್ ಕಾರ್ಡಿಗೆ, ಇನ್ನೊಬ್ಬನಿಗೆ ಮಗನ ದಾಖಲೆಗೆ. ಗಾಡಿಯ ಮುಂದೆ ಸರದಿ ನಿಂತಿತು. ಹದಿನಾಲ್ಕನೇ ಇಸವಿಯದು ಎರಡು ಪ್ಲೇಟ್ ಕೊಡಿ ಎಂದು ಜನ ಕೇಳತೊಡಗಿದರು. ಭಜಿ ಹೇಗಿದೆ ಎಂದು ಒಬ್ಬರೂ ಹೇಳುವುದಿಲ್ಲ, ಬಿಚ್ಚುತ್ತಲೇ ಕಾಗದ ಓದುತ್ತಾರೆ ಎಂದು ಮುರುಗೆವ್ವನಿಗೆ ಅವಮಾನವಾಯಿತು.

ಓದಿದ್ದರಿಂದ ಇನ್ನೊಂದು ಅನಾಹುತ. ಮೂವತ್ತೆಂಟು ಎನ್ನುತ್ತಿದ್ದ ಯಲ್ಲವ್ವನ ವಯಸ್ಸು ಐವತ್ತೊಂದು ಎಂದು ಮೂರು ಗಲ್ಲಿಗೆ ಗೊತ್ತಾಯಿತು. ಫೋಂಡಾದಲ್ಲಿ ಬಿಲ್ಡಿಂಗ್ ಕಂತ್ರಾಟುದಾರನೆಂದು ಬೀಗುತ್ತಿದ್ದ ಮಲಿಕಸಾಬ ಕೆಲಸದ ಕಾಲಮ್ಮಿನಲ್ಲಿ ಸೆಂಟ್ರಿಂಗ್ ಕೂಲಿ ಎಂದು ಬರೆಸಿದ್ದು ಒಂದು ಪ್ಲೇಟ್ ಉಳ್ಳಾಗಡ್ಡಿಯ ಕಾಂದಾ ಭಜಿಯ ಕೆಳಗಿನಿಂದ ಹೊರಬಿತ್ತು. ಅವನ ಅಳಿಯನ ಮನೆಯವರೇ ಅದನ್ನು ತಿಂದಿದ್ದರು. ನಗುವವರು ನಕ್ಕರು. ನನಗೆ ನಗು ಬರಲಿಲ್ಲ. ಹೆಂಗಸರ ಫೋಟೊ, ಫೋನ್ ನಂಬರು, ಮೈಮೇಲಿನ ಮಚ್ಚೆ, ಎಲ್ಲ ಎಣ್ಣೆ ಹತ್ತಿ ರಸ್ತೆಯ ಮೇಲೆ ಬಿದ್ದು ಮಳೆನೀರಿನಲ್ಲಿ ಹರಿದು ಹೋಗುತ್ತಿದ್ದವು. ಗುರುಪಾದಪ್ಪನಿಗೂ ಮನಸ್ಸು ಕೆಟ್ಟಿತು. ಅವರವರ ಕಾಗದ ಅವರವರಿಗೆ ಮಾತ್ರ ಎಂದು ನಿಯಮ ಮಾಡಿದ. ಉಳಿದವರಿಗೆ ಬಾಳೆ ಎಲೆ ತರಿಸಿದ. ಕಟ್ಟನ್ನು ವರ್ಷವಾರು ಜೋಡಿಸಿ ಗಾಡಿಯ ಕೆಳಗೆ ಇಟ್ಟ. ಓದಲು ಬರೆಯಲು ಅಷ್ಟಕ್ಕಷ್ಟೇ ಬರುವ ಭಜಿ ವ್ಯಾಪಾರಿ ಮೂರು ದಿನದಲ್ಲಿ ಮಾಡಿದ ಕೆಲಸವನ್ನು ಮೂರನೇ ಮಹಡಿಯವರು ಹತ್ತೊಂಬತ್ತು ವರ್ಷದಲ್ಲಿ ಮಾಡಿರಲಿಲ್ಲ ಎಂದು ನಾನು ಬರೆದುಕೊಡಲು ಸಿದ್ಧ.

ಅಷ್ಟು ಜೋಡಿಸಿದರೂ ಹತ್ತನೇ ಇಸವಿಯದು ಒಂದೂ ಸಿಗಲಿಲ್ಲ. ದಿನ ಕಳೆಯುತ್ತಿದ್ದವು. ಜೂನ್ ಇಪ್ಪತ್ತೊಂದಕ್ಕೆ ಕಾಸೀಮಸಾಬ ನನಗೂ ಹೇಳದೆ, ಇದ್ದ ಎರಡನ್ನೇ ಹಿಡಿದುಕೊಂಡು ಕಚೇರಿಗೆ ಹೋದ. ಈ ಎಣ್ಣೆ ಕಾಗದ ನಿನಗೆ ಎಲ್ಲಿ ಸಿಕ್ಕಿತು ಎಂದು ಗಾಂವಕರ್ ಸಾಹೇಬರು ಕೇಳಿದರು. ಬೇರೆ ಯಾರೇ ಆಗಿದ್ದರೂ ಒಂದು ಸುಳ್ಳು ಹೇಳುತ್ತಿದ್ದರು. ಇವನು ಗಾಡಿಯ ಜಾಗ, ಗುರುಪಾದಪ್ಪನ ಹೆಸರು, ಅಲ್ಲಿ ವರ್ಷವಾರು ಜೋಡಿಸಿಟ್ಟದ್ದು, ಎಲ್ಲ ವಿವರವಾಗಿ ಹೇಳಿದ. ಹೋಗುವುದಾದರೆ ಮಿರ್ಚಿ ತಿನ್ನಿ, ಕಾಂದಾ ಅಷ್ಟು ಚಲೋ ಇಲ್ಲ ಎಂದೂ ಹೇಳಿದನಂತೆ.

ಮರುದಿನ ಮಧ್ಯಾಹ್ನ ಸಾಹೇಬರು ಇಬ್ಬರು ಸಿಪಾಯಿಗಳೊಂದಿಗೆ ಜೀಪಿನಲ್ಲಿ ಬಂದರು. ಸರಕಾರದ ಗೌಪ್ಯ ದಾಖಲೆ ಇಟ್ಟುಕೊಂಡದ್ದು, ಸಾರ್ವಜನಿಕರಿಗೆ ಹಂಚಿದ್ದು ಎಂದು ಗುರುಪಾದಪ್ಪನ ಮೇಲೆ ಎರಡು ಆರೋಪ. ಸರದಿಯಲ್ಲಿದ್ದ ಜನ ಗುಡ್ಡ ಹತ್ತಿ ಮಾಯವಾದರು. ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕಾಗಿತ್ತು. ನಾನು ಅಂಗಡಿ ಬಿಟ್ಟು ಓಡುವಂತಿರಲಿಲ್ಲ. ಯಾಕೆ ಓಡಬೇಕು ಎಂದು ತಿಳಿಯದೆ ನಿಂತಿದ್ದವನು ಕಾಸೀಮಸಾಬ ಒಬ್ಬನೇ. ಸಾಹೇಬರು ನಮ್ಮಿಬ್ಬರನ್ನೂ ಪಂಚರನ್ನಾಗಿ ಮಾಡಿದರು. ನನ್ನ ಅಕ್ಷರ ಚೆನ್ನಾಗಿದೆ ಎಂದು ಬರೆಯಲು ನನ್ನನ್ನೇ ಕೂಡಿಸಿದರು.

ಅಂದಾಜು ಒಂದು ಕಿಲೊ ಕಾಗದ ಎಂದು ಬರಿ ಎಂದರು ಸಾಹೇಬರು. ನನ್ನ ತಲೆ ಒಮ್ಮೊಮ್ಮೆ ಸರಿಯಾದ ಹೊತ್ತಿಗೆ ಓಡುತ್ತದೆ. ಕಿಲೊ ಲೆಕ್ಕದಲ್ಲಿ ಬರೆದರೆ ಅದು ರದ್ದಿ ಆಗುತ್ತದೆ ಸಾಹೇಬರೇ, ಗೌಪ್ಯ ದಾಖಲೆ ಆಗುವುದಿಲ್ಲ, ಕೋರ್ಟಿನಲ್ಲಿ ನಿಮ್ಮ ಕೇಸು ನಿಲ್ಲುವುದಿಲ್ಲ ಎಂದು ಬಹಳ ವಿನಯದಿಂದ ಹೇಳಿದೆ. ಅವರು ಯೋಚಿಸಿದರು. ಹಾಗಾದರೆ ಒಂದೊಂದನ್ನೂ ಬರಿ ಎಂದರು.

ಬರೆದೆ. ಕ್ರಮ ಸಂಖ್ಯೆ, ಹೆಸರು, ಅಪ್ಪನ ಹೆಸರು, ವಿಳಾಸ, ಮಕ್ಕಳ ಹೆಸರು, ಇಸವಿ, ಕಲೆ ಇದ್ದರೆ ಕಲೆಯ ವಿವರ. ಸಿಪಾಯಿಗಳು ಬೇಸರ ಕಳೆಯಲು ಭಜಿ ತಿಂದರು. ಮುರುಗೆವ್ವ ಅವರಿಗೆ ಬಾಳೆ ಎಲೆಯಲ್ಲೇ ಕೊಟ್ಟಳು. ನೂರ ಎಂಬತ್ತನೇ ಕಾಗದದ ಹೊತ್ತಿಗೆ ಕಟ್ಟು ಮುಗಿಯಿತು. ಸಾಹೇಬರಿಗೆ ಇನ್ನೂ ಸಂಶಯ. ಮುರುಗೆವ್ವನಿಗೆ ಎದ್ದೇಳಲು ಹೇಳಿದರು. ಒಲೆಯ ಮುಂದೆ ಅವಳು ಎತ್ತರಕ್ಕೆಂದು ಹಾಕಿಕೊಂಡು ಕುಳಿತಿದ್ದ ಗೋಣಿಯ ಗಂಟನ್ನು ತಾವೇ ಬಿಚ್ಚಿದರು. ಒಳಗೆ ಹತ್ತನೇ ಇಸವಿ ಇಡಿಯಾಗಿ ಇತ್ತು. ಕ್ರಮ ಸಂಖ್ಯೆ ಇನ್ನೂರ ಹದಿನೇಳು: ಕಾಸೀಮಸಾಬ, ಸಾಕಿನ್ ಮೋತಿ ಡೊಂಗರ್, ಮಗಳು ಕೈನಾತ, ವಯಸ್ಸು ಮೂರು, ಇಸವಿ ಎರಡು ಸಾವಿರದ ಹತ್ತು, ಕಲೆ ಇಲ್ಲ. ಕಾಸೀಮಸಾಬನಿಂದ ಹಿಂದಿನ ದಿನವೇ ಕಸಿದುಕೊಂಡಿದ್ದ ಎರಡನ್ನೂ ಸಾಹೇಬರು ಜೇಬಿನಿಂದ ತೆಗೆದು ಪಟ್ಟಿಗೆ ಸೇರಿಸಿದರು. ಹದಿನಾಲ್ಕು ಹಾಳೆ ಆಯಿತು. ಪ್ರತಿ ಹಾಳೆಗೂ ಇವೆಲ್ಲ ನಮ್ಮ ಕಚೇರಿಯ ನಿಜವಾದ ದಾಖಲೆಗಳೆಂದು ಬರೆಸಿ, ಸಹಿ ಮಾಡಿ, ಶಿಕ್ಕಾ ಹೊಡೆದರು. ನಿಯಮದ ಪ್ರಕಾರ ಒಂದು ನಕಲು ಗುರುಪಾದಪ್ಪನಿಗೆ ಕೊಟ್ಟರು. ಗುರುಪಾದಪ್ಪ ಅದನ್ನು ಹಿಡಿದು ಅಳುತ್ತ ನಿಂತಿದ್ದ.

ಜೀಪು ಹೋದ ಮೇಲೆ ನಾನು ಅವನನ್ನು ಅಪ್ಪಿಕೊಂಡೆ. ಅವನಿಗೆ ಏನೂ ತಿಳಿಯಲಿಲ್ಲ. ಆ ಹದಿನಾಲ್ಕು ಹಾಳೆಯನ್ನು ನಾನು ಆವತ್ತು ನನ್ನ ಮಷೀನಿನಲ್ಲಿ ಎಷ್ಟು ಸಲ ತೆಗೆದೆ ಎಂದು ಕೇಳಬೇಡಿ. ಯಾರಿಂದಲೂ ಎರಡು ರೂಪಾಯಿ ತೆಗೆದುಕೊಳ್ಳಲಿಲ್ಲ.

ಜೂನ್ ಇಪ್ಪತ್ತಾರಕ್ಕೆ ನಾನು, ಕಾಸೀಮಸಾಬ, ಗುರುಪಾದಪ್ಪ ಮೂವರೂ ಮೂರನೇ ಮಹಡಿಗೆ ಹೋದೆವು. ಸಾಹೇಬರ ಮೇಜಿನ ಮೇಲೆ ಸಾಹೇಬರದೇ ಪಂಚನಾಮೆ ಇಟ್ಟು, ಹತ್ತು, ಹನ್ನೊಂದು, ಹನ್ನೆರಡು, ಮೂರೂ ವರ್ಷ ತೋರಿಸಿದೆ. ಅವರು ಕೊನೆಯ ಹಾಳೆಯ ಮೇಲಿನ ತಮ್ಮದೇ ಶಿಕ್ಕಾ ನೋಡಿದರು. ಜಪ್ತಿಯಾದ ಕಾಗದ ಕೇಸಿನ ಮುದ್ದೆಮಾಲು, ಅದನ್ನು ಪುರಾವೆ ಎಂದು ತೆಗೆದುಕೊಳ್ಳಲು ಬರುವುದಿಲ್ಲ, ಅವು ಖೊಟ್ಟಿಯೂ ಇರಬಹುದು ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಸೀಮಸಾಬ ಮುಂದೆ ಬಂದ.

"ಸಾಹೇಬ್ರ, ಇವು ಖೊಟ್ಟಿ ಇದ್ರ ನಮ್ಮ ಗುರುಪಾದಣ್ಣನ ಮ್ಯಾಲಿನ ಕೇಸ್ ಬಿಟ್ಟುಬಿಡ್ರಿ. ಖರೇ ಇದ್ರ ನನ್ನ ಮಗಳಿಗಿ ಸರ್ಟಿಫಿಕೇಟ್ ಕೊಡ್ರಿ. ಎರಡ್ರಾಗ ನಿಮಗ ಯಾವುದು ಸಸಾರ ಆಕ್ಕೈತಿ ಅದನ್ನ ಮಾಡ್ರಿ. ನಿಮಗ್ಯಾಕ ತ್ರಾಸ" ಎಂದ.

ಇದನ್ನು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದ. ಬೇರೆಯವರು ಹೇಳಿದ್ದರೆ ಅದು ಕುಹಕ ಆಗುತ್ತಿತ್ತು. ಇವನು ನಿಜವಾಗಿಯೂ ಸಾಹೇಬರ ತ್ರಾಸು ಕಡಿಮೆ ಮಾಡಲು ಹೇಳಿದ್ದ. ರದ್ದಿಗೆ ಹಾಕಲು ಅಪ್ಪಣೆ ಕೊಟ್ಟ ಕಾಗದದ ಮೇಲೆ ಯಾರ ಸಹಿ ಇದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದ ನನ್ನ ಹೊಸ ಅರ್ಜಿಯನ್ನು ನಾನೂ ಮೆಲ್ಲಗೆ ಮೇಜಿನ ಮೇಲೆ ಇಟ್ಟೆ. ಸಾಹೇಬರು ಮೊದಲ ಸಲ ಫಾಲ್ಯಾಂ ಯೋ ಎನ್ನಲಿಲ್ಲ. ಕೂಡಲು ಹೇಳಿದರು.

ಸರ್ಟಿಫಿಕೇಟ್ ಅಂದೇ ಆಯಿತು. ಗುರುಪಾದಪ್ಪನ ಫೈಲು ಅದೇ ವಾರ ಕಚೇರಿಯಲ್ಲಿ ಎಲ್ಲೋ ಕಳೆದುಹೋಯಿತು. ಅಷ್ಟು ಮಾಡಿದ ಮೇಲೂ ಸಾಹೇಬರಿಗೆ ಸಮಾಧಾನವಿಲ್ಲ. ಸರ್ಟಿಫಿಕೇಟನ್ನು ನಮಗೆ ತೋರಿಸದೆ ಲಕೋಟೆಯೊಳಗೆ ಹಾಕಿ, ಅಂಟಿಸಿ, ಅರಗಿನ ಮುದ್ರೆ ಹೊಡೆದು, ಗೌಪ್ಯ, ಸಂಬಂಧಪಟ್ಟವರು ಮಾತ್ರ ತೆರೆಯತಕ್ಕದ್ದು ಎಂದು ಬರೆದು ಕೊಟ್ಟರು.

ಜೂನ್ ಮೂವತ್ತು, ಮಧ್ಯಾಹ್ನ ಮೂರು ಗಂಟೆ. ಕಾಲೇಜಿನ ಹಾಲ್ ಮಕ್ಕಳಿಂದ, ಅಪ್ಪ ಅಮ್ಮಂದಿರಿಂದ ತುಂಬಿತ್ತು. ಕೌಂಟರಿನಲ್ಲಿದ್ದ ಹೆಂಗಸು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗೌಪ್ಯ ಎಂದಿದೆ, ಸಂಬಂಧಪಟ್ಟವರು ನಾನೇ ಎಂದು ಎಲ್ಲಿ ಬರೆದಿದೆ, ಪ್ರಿನ್ಸಿಪಾಲರು ನಾಳೆ ಬರುತ್ತಾರೆ, ಆಗ ತೆರೆಸೋಣ ಎಂದಳು. ನಾಳೆ ಎಂದರೆ ಜುಲೈ ಒಂದು. ನಾನು ಕೂಗಾಡಲು ಉಸಿರು ತೆಗೆದುಕೊಂಡೆ. ಕಾಸೀಮಸಾಬ ಎಂದಿನಂತೆ ತಲೆದೂಗಲು ಶುರು ಮಾಡಿದ್ದ.

ಕೈನಾತ ಕೈ ಚಾಚಿ ಲಕೋಟೆ ತೆಗೆದುಕೊಂಡಳು. ಮುದ್ರೆಯ ಪಕ್ಕದಿಂದ ಉದ್ದಕ್ಕೆ ಹರಿದಳು. "ಇದರಾಗ ಇರೋದು ನಾನು. ನನಗಿಂತ ಸಂಬಂಧಪಟ್ಟವರು ಯಾರದಾರ?" ಎಂದು ನಮ್ಮ ಭಾಷೆಯಲ್ಲೇ ಹೇಳಿ, ಕಾಗದ ತೆಗೆದು ಆ ಹೆಂಗಸಿನ ಮುಂದೆ ಇಟ್ಟಳು. ಆ ಹೆಂಗಸಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಓದಿದಳು, ಪಟ್ಟಿಯಲ್ಲಿ ಕೈನಾತಳ ಹೆಸರು ಬರೆದುಕೊಂಡಳು, ಕಾಗದವನ್ನು ಫೈಲಿಗೆ ಹಾಕಲು ಎತ್ತಿದಳು.

ಆಗ ಕಾಸೀಮಸಾಬ ಕೌಂಟರಿನ ಮೇಲೆ ಅಂಗೈ ಇಟ್ಟು ಅವಳನ್ನು ತಡೆದ. ಹತ್ತೊಂಬತ್ತು ವರ್ಷದಲ್ಲಿ ಅವನು ಒಬ್ಬ ಅಧಿಕಾರಿಯ ಕೈಯನ್ನೂ ತಡೆದವನಲ್ಲ. ಅವನ ಕಣ್ಣು ಕೆಂಪಗಾಗಿತ್ತು. ಸರಕಾರ ತನ್ನ ಬಗ್ಗೆ ಏನು ಬರೆದಿದೆ ಎಂದು ಇದುವರೆಗೆ ಯಾರೂ ಅವನಿಗೆ ಓದಿ ಹೇಳಿರಲಿಲ್ಲ.

"ಕೈನಾತ, ಅದನ್ನ ಓದು ಬೇಟಾ. ಜೋರಲೇ ಓದು. ಎಲ್ಲಾರೂ ಕೇಳ್ಲಿ" ಎಂದ.

ಕೈನಾತ ಕಾಗದ ಎತ್ತಿಕೊಂಡು ತನ್ನ ಹೆಸರಿನಿಂದ ಓದಲು ಶುರು ಮಾಡಿದಳು.